ಶುಕ್ರವಾರ ನಿನ್ನಪ್ಪ ಊದಿದ ಹಾಡು

ಶಿಲೋ ಬೆಂಡ್, ಅಲಬಾಮ
ಬುಧವಾರ, ೧೪ ಅಕ್ಟೋಬರ್ ೧೯೭೦

ನನ್ನ ಮುದ್ದು ಆಮೋಸ್,

ಹೇಗಿದ್ದೀಯಪ್ಪಾ? ಡೆಟ್ರಾಯ್ಟಿನಲ್ಲಿ ಆಗಲೇ ಹಲ್ಲು ಕಟಕಟ ಅನ್ನುವಷ್ಟು ಚಳಿಯಂತೆ. ಎದೆಗೆ ಕರ್ಪೂರದೆಣ್ಣೆ ತಿಕ್ಕಿಕೊಳ್ಳುತ್ತಿದ್ದೀಯೋ ಇಲ್ಲವೋ? ಕಾರ್ಖಾನೆಯ ಹೊಗೆಗೆ ಹಳೆಯ ಕೆಮ್ಮು ಮರಳಿ ಬಂದಿದ್ದರೆ ನನ್ನಿಂದ ಮುಚ್ಚಿಡಬೇಡ. ಸೊಸೆ ಲೋರೀನ್‌ಳ ಕಾಲಿನ ಬಾವು ಇಳಿಯಿತೇ? ಬಸುರಿ ಹೆಂಗಸು ಉಪ್ಪು ಹಾಕಿದ ಹಂದಿಮಾಂಸ ಮುಟ್ಟಬಾರದು ಎಂದು ಹೇಳು. ಅವಳ ಬಾಯಿಚಪಲ ನನಗೆ ಗೊತ್ತಿಲ್ಲವೇ! ನನ್ನ ಮಂಡಿ ಇದ್ದ ಹಾಗೇ ಇದೆ. ಹಿತ್ತಲ ಪೆಕಾನ್ ಮರ ಈ ಸಲ ಚೆನ್ನಾಗಿ ಕಾಯಿ ಬಿಟ್ಟಿದೆ, ಆದರೆ ಹೆಕ್ಕುವ ಮನಸ್ಸು ಈ ಮನೆಯಲ್ಲಿ ಯಾರಿಗೂ ಇಲ್ಲ.

ನಮ್ಮ ಶಾಲೆಗೆ ಬೀಗ ಬಿದ್ದದ್ದನ್ನು ಹಿಂದೆ ಬರೆದಿದ್ದೆ. ಕಪ್ಪು ಮಕ್ಕಳು, ಬಿಳಿ ಮಕ್ಕಳು ಇನ್ನು ಒಂದೇ ಶಾಲೆಯಲ್ಲಿ ಓದಬೇಕು ಎಂದು ಕೋರ್ಟು ಹೇಳಿತಲ್ಲ, ಹಾಗಾಗಿ ಮುಚ್ಚಿದ್ದು ನಮ್ಮದು, ಉಳಿದದ್ದು ಅವರದು. ನಿನ್ನಪ್ಪ ಅಲ್ಲಿ ಕಲಿಸಿದ ಬ್ಯಾಂಡ್ ಗೆದ್ದು ತಂದ ಬಹುಮಾನದ ಬಟ್ಟಲುಗಳನ್ನೆಲ್ಲ ಲಾರಿಯಲ್ಲಿ ಒಯ್ದು ಊರಾಚೆಯ ತಿಪ್ಪೆಗೆ ಸುರಿದರು. ಅಪ್ಪ ನೋಡಲು ಹೋಗಲಿಲ್ಲ. ನಾನು ಹೋದೆ. ಹಂದಿಗಳು ಮೂಸುತ್ತಿದ್ದವು. ನೀನು ಜೈಲಿನಿಂದ ಬಿಡುಗಡೆಯಾಗಿ ಬಂದ ದಿನ ಅಡುಗೆಮನೆಯಲ್ಲಿ ನಿಂತು "ನಿಮ್ಮ ಶಾಲೆ ಒಂದು ಪಂಜರ ಅಪ್ಪಾ, ಸುಣ್ಣ ಬಳಿದಿದ್ದಾರೆ ಅಷ್ಟೇ" ಅಂದಿದ್ದೆ. ಅದಕ್ಕೆ ಅವರು "ಪಂಜರಾನೇ ಇರ್ಲಿ ಕಣೋ, ಅದರೊಳಗೆ ಹಾಡೋದು ಕಲಿಸ್ದೋನು ನಾನು" ಅಂದಿದ್ದರು. ಆಮೇಲೆ ನೀವಿಬ್ಬರೂ ನೆಟ್ಟಗೆ ಮಾತಾಡಿದ್ದೇ ಇಲ್ಲ. ನೀನು ಮೆರವಣಿಗೆಗೆ ಹೋಗಿ ಜೈಲು ಸೇರಿದ್ದು ತಪ್ಪು ಎಂದು ನಾನು ಅಂದೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ನೀನು ಬಾಗಿಲು ತೆಗೆಯಿರಿ ಎಂದು ಕೇಳಿದೆ. ಬಿಳಿಯರು ತೆಗೆದರು, ಆದರೆ ನಮ್ಮದೆಂಬುದನ್ನೆಲ್ಲ ಹೊರಗೆಸೆದು ಒಳಗೆ ಬನ್ನಿ ಎಂದರು.

ಹೊಸ ಶಾಲೆಯಲ್ಲಿ ಅಪ್ಪನಿಗೆ ಬ್ಯಾಂಡ್ ಮಾಸ್ತರರ ಸಹಾಯಕ ಎಂಬ ಹುದ್ದೆ ಕೊಟ್ಟರು. ಮಾಸ್ತರು ಹ್ಯಾಸ್ಕೆಲ್ ಎಂಬ ಬಿಳಿ ಹುಡುಗ, ನಿನಗಿಂತ ಚಿಕ್ಕವನು. ಅಪ್ಪ ಕೊಂಬು ಕಹಳೆ ತಿಕ್ಕುತ್ತಾರೆ, ಮೈದಾನಕ್ಕೆ ಕುರ್ಚಿ ಹೊರುತ್ತಾರೆ. ಇಡೀ ಶಿಲೋ ಬೆಂಡ್‌ನ ಕಪ್ಪು ಜನ ಹಿರಿಯರು ಕಿರಿಯರೆನ್ನದೆ "ಪ್ರೊಫೆಸರ್ ಟಾಲಿವರ್" ಎಂದು ಟೋಪಿ ತೆಗೆಯುತ್ತಿದ್ದ ಮನುಷ್ಯನನ್ನು ಅವನು "ಲೆಮ್, ಆ ಕುರ್ಚಿ ಈಚೆಗೆ ತಗೊಂಡ್ ಬಾ" ಅನ್ನುತ್ತಾನೆ. ಅಪ್ಪ ತರುತ್ತಾರೆ. "ನಮ್ಮ ಮಕ್ಕಳಿಗೆ ಒಳಗೆ ಒಂದು ಕಪ್ಪು ಮುಖನಾದ್ರೂ ಕಾಣ್ಲಿ ಡೆಸ್ಸೀ" ಎಂದು ನನಗೆ ಸಮಾಧಾನ ಹೇಳುತ್ತಿದ್ದರು.

ಇನ್ನು ನಿನ್ನ ತಂಗಿ ನೋಬಿ. ಅವಳ ಕಹಳೆಯ ದನಿಗೆ ಹ್ಯಾಸ್ಕೆಲ್ ಕೂಡ ಬೆರಗಾಗಿ ಬ್ಯಾಂಡಿಗೆ ಸೇರಿಸಿಕೊಂಡ. ಆದರೆ ಆ ಶಾಲೆಗೆ ಒಂದು ಹಾಡಿದೆ, ನಿನಗೆ ಗೊತ್ತಲ್ಲ, ನಮ್ಮವರನ್ನು ಗುಲಾಮರಾಗಿ ಇಟ್ಟುಕೊಳ್ಳಲೆಂದು ಯುದ್ಧ ಹೂಡಿದ ಪಡೆಯ ಹಾಡು. ಫುಟ್ಬಾಲ್ ತಂಡ ಮೈದಾನಕ್ಕೆ ಇಳಿಯುವಾಗ ಆ ಪಡೆಯ ಬಾವುಟ ಮುಂದೆ, ಹಾಡು ಹಿಂದೆ. ನನ್ನ ಅಜ್ಜಿಯನ್ನು ಚಿಕ್ಕವಳಿದ್ದಾಗ ಇದೇ ಊರಿನ ಕೋರ್ಟಿನ ಮೆಟ್ಟಿಲ ಮೇಲೆ ಅವಳ ತಾಯಿಯ ಕೈಯಿಂದ ಕಿತ್ತು ಮಾರಿದ್ದರು. ಬೀದಿಯಲ್ಲಿ ಆ ಹಾಡು ಕೇಳಿಸಿದರೆ ಮುದುಕಿ ಎಂಥ ಸೆಕೆಯಲ್ಲೂ ಎದ್ದು ಕಿಟಕಿ ಮುಚ್ಚುತ್ತಿದ್ದಳು. ನೋಬಿಗೆ ಇದನ್ನೆಲ್ಲ ಹೇಳಿಕೊಟ್ಟವಳು ನಾನೇ. ಅವಳು ಉಳಿದದ್ದನ್ನೆಲ್ಲ ಊದುತ್ತಿದ್ದಳು, ಅದು ಶುರುವಾದರೆ ಕಹಳೆಯನ್ನು ತೊಡೆಯ ಮೇಲಿಡುತ್ತಿದ್ದಳು. ಮೊದಮೊದಲು ಡೋಲಿನ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಆಮೇಲೆ ಹ್ಯಾಸ್ಕೆಲ್ ಕರೆದು, "ಅದು ಬರೀ ಹಾಡು ಕಣಮ್ಮಾ, ಊದಿದ್ರೆ ಏನ್ ಹೋಯ್ತು?" ಎಂದನಂತೆ. "ಬರೀ ಹಾಡಾದ್ರೆ ಬೇರೆ ಹಾಡು ಊದ್ಸಿ ಸಾರ್" ಎಂದಳಂತೆ ನಿನ್ನ ತಂಗಿ. ಕೇಳಿ ನಕ್ಕೆ. ನಕ್ಕ ಮೇಲೆ ಎದ್ದು ಬಾಗಿಲ ಅಗುಳಿ ಹಾಕಿದೆ.

ಹೋದ ಶುಕ್ರವಾರ ಸಂಜೆ ಆಟವಿತ್ತು. ನಮ್ಮವರು ಮೈದಾನದ ಆ ತುದಿಯಲ್ಲಿ ಕೂತಿದ್ದೆವು. ಅಲ್ಲೇ ಕೂರಿ ಎಂದು ಈಗ ಯಾರೂ ಹೇಳುವುದಿಲ್ಲ, ಆದರೂ ಅಲ್ಲೇ ಕೂರುತ್ತೇವೆ. ಬಾವುಟ ಬಂತು. ನೋಬಿ ಎದ್ದು, ಎಲ್ಲರಿಗೂ ಕಾಣುವಂತೆ, ಕಹಳೆಯನ್ನು ಹುಲ್ಲಿನ ಮೇಲಿಟ್ಟು ಪಕ್ಕದಲ್ಲಿ ಕೂತುಬಿಟ್ಟಳು. ಬಿಳಿಯರ ಕಡೆಯಿಂದ ಕೂಗು ಎದ್ದಿತು. ಹ್ಯಾಸ್ಕೆಲ್ ಬೆರಳು ಮಡಚಿ ಅಪ್ಪನನ್ನು ಕರೆದ. ಮೈದಾನದ ಅಂಚಿನ ಹಗ್ಗದ ಪಕ್ಕ ಹೆಡ್‌ಮಾಸ್ತರ್ ಕೈಕಟ್ಟಿ ನಿಂತಿದ್ದ. ಅಪ್ಪ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದರು, ಬಗ್ಗಿ ಕಹಳೆ ಎತ್ತಿಕೊಂಡರು. ಒಳಗೆ ಒಯ್ದಿಡುತ್ತಾರೆ ಎಂದುಕೊಂಡೆ. ಅವರು ಅದನ್ನು ತುಟಿಗಿಟ್ಟರು.

ಊದಿದರು ಮಗಾ. ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಊದಿದರು. ಒಂದು ಕಡೆಯಾದರೂ ಅಪಸ್ವರ ಬರಲಿ ದೇವರೇ ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ. ಕೆಟ್ಟದಾಗಿ ಊದುವುದು ಆ ಮನುಷ್ಯನಿಗೆ ಬರುವುದೇ ಇಲ್ಲ. ಬಿಳಿಯರು ಎದ್ದು ನಿಂತು ಟೋಪಿ ಹಾರಿಸಿದರು. "ಭೇಷ್ ಲೆಮ್! ಮುದುಕ ಅಂದ್ರೆ ಹಿಂಗಿರ್ಬೇಕು!" ಎಂದು ಒಬ್ಬ ಕೂಗಿದ್ದು ನಮ್ಮ ತುದಿಗೂ ಕೇಳಿಸಿತು. ನಮ್ಮ ಕಡೆ ಹ್ಯಾಟಿ ಪರ್ವಿಸ್, ಅಪ್ಪನ ಜೊತೆ ಮೊದಲ ದಿನದಿಂದ ಪಾಠ ಹೇಳಿದವಳು, ಕೋಲೂರಿ ಎದ್ದು ಮೈದಾನಕ್ಕೆ ಬೆನ್ನು ಹಾಕಿ ನಿಂತಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಎಲ್ಲರೂ ಬೆನ್ನು ಹಾಕಿದರು. ನಾನೊಬ್ಬಳೇ ಕಲ್ಲಿನ ಹಾಗೆ ಅಪ್ಪನ ಕಡೆ ಮುಖ ಮಾಡಿ ಕೂತಿದ್ದೆ.

ನೋಬಿ ಬ್ಯಾಂಡಿನ ಬಟ್ಟೆಯಲ್ಲೇ ಮನೆಗೆ ನಡೆದು ಬಂದಿದ್ದಳು. ಅಪ್ಪ ಒಳಗೆ ಕಾಲಿಟ್ಟಾಗ, "ಮೊದ್ಲು ಆ ಬಾಯಿ ತೊಳ್ಕೋ ಹೋಗು" ಎಂದಳು. ಅವಳಿಗೆ ಹೊಡೆಯಲು ನನ್ನ ಕೈ ಎದ್ದಿತು. ಅಪ್ಪ ನನ್ನ ಮಣಿಕಟ್ಟು ಹಿಡಿದರು, "ಬಿಡು" ಅಂದರು, ಬಚ್ಚಲಿಗೆ ಹೋಗಿ ನಿಜವಾಗಿಯೂ ಬಾಯಿ ತೊಳೆದುಕೊಂಡರು. ಅಂದಿನಿಂದ ಅಪ್ಪ ಮಗಳ ನಡುವೆ ಮಾತಿಲ್ಲ. ಭಾನುವಾರ ಇಗರ್ಜಿಯಲ್ಲಿ ನಮ್ಮ ಬೆಂಚಿಗೆ ಯಾರೂ ಬರಲಿಲ್ಲ. ಪಾದ್ರಿ ಬಾಗಿಲಲ್ಲಿ ನಿಂತು ಅಪ್ಪನಿಗೆ "ಬಾ ಲೆಮ್, ಕೂತ್ಕೋ" ಎಂದರು. ನಮ್ಮವರ ಬಾಯಲ್ಲಿ ಆ ಹೆಸರು! ಬಿಳಿಯರು ಕರೆದಾಗ ಬಗ್ಗದ ಅಪ್ಪನ ಹೆಗಲು ಅಲ್ಲಿ ಇಳಿದುಹೋಯಿತು. ಈಗ ತಟ್ಟೆಯಲ್ಲಿ ಸೊಪ್ಪು ತಣ್ಣಗಾಗುತ್ತದೆ, ಅವರು ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತಾರೆ. ನಾನು ಮೊಣಕಾಲೂರಿದರೆ ಪ್ರಾರ್ಥನೆಯ ಮೊದಲ ಮಾತೇ ನೆನಪಾಗುವುದಿಲ್ಲ. ಒಳ್ಳೆಯದಾಗುತ್ತದೆ ಎಂದು ನಿನಗೆ ಬರೆಯೋಣವೆಂದರೆ ಕೈ ಏಳುತ್ತಿಲ್ಲ.

ಲೋರೀನ್‌ಳ ಹಣೆಗೆ ನನ್ನದೊಂದು ಮುತ್ತು. ಬರುವ ಕೂಸು ನೆಟ್ಟಗೆ ಬೆಳೆಯಲಿ, ಈ ಊರಿನ ಮಣ್ಣು ಅದರ ಕಾಲಿಗೆ ಅಂಟದಿರಲಿ. ದೇವರು ನಿನ್ನನ್ನಾದರೂ ಕಣ್ಣಲ್ಲಿಟ್ಟು ಕಾಯಲಿ.

ನಿನ್ನ ಅಮ್ಮ,
ಒಡೆಸ್ಸಾ ಟಾಲಿವರ್

ಲಕೋಟೆ ಅಂಟಿಸುವ ಮುಂಚೆ: ಶನಿವಾರದ ಬಸ್ಸಿಗೆ ನೋಬಿಯನ್ನು ಹತ್ತಿಸುತ್ತಿದ್ದೇನೆ, ಭಾನುವಾರ ನಿಲ್ದಾಣಕ್ಕೆ ತಪ್ಪದೆ ಹೋಗು. ಆಟಕ್ಕೆ ಮುಂಚೆ ಹೆಡ್‌ಮಾಸ್ತರ್ ಅಪ್ಪನನ್ನು ಕರೆದು, "ಇವತ್ತು ನಿನ್ನ ಮಗಳು ಊದ್ಬೇಕು, ಇಲ್ಲಾ ನೀನು ಊದ್ಬೇಕು. ಇಬ್ರೂ ಊದ್ಲಿಲ್ಲ ಅಂದ್ರೆ ಅವಳು ಶಾಲೆ ಕಡೆ ತಲೆ ಹಾಕೋದು ಬೇಡ" ಅಂದಿದ್ದನಂತೆ. ಅದಕ್ಕೇ ಅವರು ಊದಿದ್ದು. ಆದರೂ ಅವಳನ್ನು ತೆಗೆದುಹಾಕಿದ್ದಾರೆ. ನಿನ್ನೆ ಹೆಡ್‌ಮಾಸ್ತರ್ ನಮ್ಮ ಗೇಟಿಗೆ ಬಂದು ಟೋಪಿಯನ್ನೂ ತೆಗೆಯದೆ ಹೇಳಿ ಹೋದ. ಈ ವಾರ ಅಪ್ಪನನ್ನು ನಮ್ಮ ಹಳೆಯ ಶಾಲೆಯ ಬೆಂಚು ಸಾಗಿಸಲು ಹಚ್ಚಿದ್ದಾರೆ, ಹಾಗಾಗಿ ಅವಳನ್ನು ತೆಗೆದದ್ದು ಅವರಿಗೆ ತಿಳಿದಿಲ್ಲ. ತಾನು ಊದಿದ್ದರಿಂದ ಮಗಳು ಉಳಿದಳು ಎಂದುಕೊಂಡು ದಿನ ನೂಕುತ್ತಿದ್ದಾರೆ. ಶನಿವಾರ ಅವರಿಗೆ ಏನೆಂದು ಹೇಳಲಿ? ನೋಬಿ ಅಲ್ಲಿಗೆ ಬಂದು ಅಪ್ಪನನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ. ಬೈಯಲಿ. ಹೊಟ್ಟೆ ತುಂಬ ಉಣಿಸು, ಆಮೇಲೆ ಎಲ್ಲವನ್ನೂ ಹೇಳು. ಅವಳಿಗೆ ಗೊತ್ತಾದರೆ ಹೋಗಿ ಹೆಡ್‌ಮಾಸ್ತರನ ಮೇಲೆ ಬೀಳುತ್ತಾಳೆ, ಹೇಳಕೂಡದು ಎಂದು ಅಪ್ಪ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. ನಿನ್ನಿಂದ ಹಾಕಿಸಿಕೊಂಡಿಲ್ಲ.