ಮುಷ್ಕರದವರಿಗೆ ಅಳೆದುಕೊಟ್ಟ ರಾಗಿ

ಅಲ್ಲಾಳಸಂದ್ರ
೧೧ ಫೆಬ್ರವರಿ ೧೯೫೯

ಪ್ರೀತಿಯ ತಮ್ಮ ಲಕ್ಕಣ್ಣನಿಗೆ,

ಅಣ್ಣನ ಆಶೀರ್ವಾದ. ನಾನೂ ಅಮ್ಮನೂ ಆರೋಗ್ಯವಾಗಿದ್ದೇವೆ. ನಿನ್ನ ಕಾಗದ ಕೈಸೇರಿ ಆರು ದಿನವಾಯಿತು. ಸ್ಕೂಲ್ ಇನ್‌ಸ್ಪೆಕ್ಟರ್ ಬಂದಿದ್ದರು, ಅದಕ್ಕೇ ತಡವಾಯಿತು ಎಂದು ನೆಪ ಹೇಳಬಹುದು. ಅವರು ಬಂದದ್ದೇನೋ ನಿಜ, ಅರ್ಧ ಗಂಟೆ ಕೂತು ಎಳನೀರು ಕುಡಿದು ಹೋದರು. ನನಗೆ ಬರೆಯಲು ಧೈರ್ಯ ಬರಲಿಲ್ಲ, ಅಷ್ಟೆ.

ಅಮ್ಮ ದಿನಕ್ಕೆ ನಾಲ್ಕು ಸಲ ಕೇಳುತ್ತಾಳೆ, "ಕಾರ್ಖಾನೆಯೋರು ಅವನ್ನ ತಿರುಗ ಒಳಕ್ಕೆ ಸೇರಿಸ್ಕೊಂತಾರೇನೋ?" ಸೇರಿಸಿಕೊಳ್ಳುತ್ತಾರೆ ಎನ್ನುತ್ತೇನೆ. ಮುಷ್ಕರ ಮುಗಿದು ಎಲ್ಲರೂ ಕೆಲಸಕ್ಕೆ ಹೋಗುತ್ತಿರುವಾಗ ನಿಮ್ಮ ನಾಲ್ವರನ್ನು ಮಾತ್ರ ಗೇಟಿನ ಹೊರಗೆ ನಿಲ್ಲಿಸಿರುವುದು ಅವಳಿಗೆ ಅರ್ಥವಾಗುವುದಿಲ್ಲ.

ಇದಕ್ಕೆಲ್ಲ ಮೂಲ ನನ್ನ ಅಮೆರಿಕಾ ಹುಚ್ಚು. ಲೈಬ್ರರಿಯಿಂದ ತಂದ ಆ ಪುಸ್ತಕ ನಿನಗೂ ಗೊತ್ತು. ಎಪ್ಪತ್ತು ವರ್ಷದ ಹಿಂದೆ ಅಲ್ಲಿ ರೈಲ್ವೆಯವರು ಮುಷ್ಕರ ಹೂಡಿದಾಗ ಟೆಕ್ಸಾಸಿನ ರೈತರು ಅವರಿಗೆ ದವಸ ಕೊಟ್ಟರು, ಮುಂದೆ ಪಕ್ಷವನ್ನೇ ಕಟ್ಟಿ ಕಾರ್ಮಿಕರನ್ನೂ ಕರೆದರು ಎಂದು ಅರಳಿಕಟ್ಟೆಯ ಮೇಲೆ ಕೂತು ಹೇಳಿದ್ದೇ ಹೇಳಿದ್ದು. ನಾವೂ ಹಾಗೆ ಮಾಡೋಣ ಎಂದು ಹನ್ನೆರಡು ಮನೆಯವರನ್ನು ಒಪ್ಪಿಸಿದೆ. ಆಮೇಲೆ ಆ ಪಕ್ಷ ಏನಾಯಿತು ಮೇಷ್ಟ್ರೇ ಎಂದು ನಮ್ಮ ಪಕ್ಕದ ತೋಟದ ಪಿಳ್ಳಣ್ಣ ಕೇಳಿದ. ಗೆದ್ದಿತು ಎಂದುಬಿಟ್ಟೆ. ಕೊನೆಯ ಅಧ್ಯಾಯ ಓದಿದ್ದು ಮೊನ್ನೆ. ದವಸದ ಬೆಲೆ ಏರುತ್ತದೆ, ಕಾರ್ಖಾನೆ ಮುಚ್ಚುತ್ತದೆ ಎಂದು ಮಾಲೀಕರು ಹೆದರಿಸಿದ್ದಕ್ಕೆ ಪಟ್ಟಣದ ಕಾರ್ಮಿಕರಲ್ಲಿ ಬಹಳ ಮಂದಿ ವೋಟಿನ ದಿನ ರೈತರ ಕೈಬಿಟ್ಟರಂತೆ, ಪಕ್ಷ ಸೋತಿತಂತೆ.

ಕಣದಲ್ಲಿ ರಾಶಿಪೂಜೆಯಾದ ದಿನ ನೀವು ಚೀಲ ಹಿಡಿದು ಬಂದಿರಿ. ಕಮ್ಮಾರನಿಗೆ, ಬಡಗಿಗೆ ವರ್ಷದ ಆಯ ಅಳೆಯುವ ಹೊತ್ತು ಅದು. ನಮ್ಮವರು ಅದೇ ಸಾಲಿನಲ್ಲಿ ನಿಮ್ಮನ್ನೂ ನಿಲ್ಲಿಸಿ ಅದೇ ಕೊಳಗದಿಂದ ರಾಗಿ ಅಳೆದರು. ನನಗೆ ಆಗಲೇ ಹೊಳೆಯಬೇಕಿತ್ತು. ಆಯ ಪಡೆದವನು ವರ್ಷವಿಡೀ ಕರೆದಾಗ ಬಂದು ಕೆಲಸ ಮಾಡಿಕೊಡಬೇಕು. ವಾರ ಕಳೆಯುವುದರೊಳಗೆ ಪಿಳ್ಳಣ್ಣ, ಪಂಪುಸೆಟ್ಟು ಕೆಟ್ಟಿದೆ ಎಂದು ಯಶವಂತಪುರಕ್ಕೇ ಗಾಡಿ ಕಟ್ಟಿಕೊಂಡು ಬಂದು ನಿಮ್ಮ ನಾಲ್ವರನ್ನು ಹತ್ತಿಸಿಕೊಂಡ. ಅವನಿಗೆ ಅದು ಹಕ್ಕು. ಉಂಡ ಮೇಲೆ ನೀನು ಹೇಗೆ ಇಲ್ಲವೆನ್ನುತ್ತೀಯೆ? ನಿನ್ನ ಕೋಣೆಯ ಅನ್ವರ್ ಒಬ್ಬನೇ ಗಾಡಿ ಹತ್ತದೆ ಬೇಡವೆಂದ: "ಮುಷ್ಕರ ನಡೀವಾಗ ಹೊರಗಡೆ ರಿಪೇರಿ ಮುಟ್ಬೇಡ್ರೋ. ಬೇರೆ ಕಡೆ ಕೆಲ್ಸಕ್ಕೆ ಸೇರಿದಾರೆ ಅಂತ ಬರ್ಕೊಂತಾರೆ." ಹಾಗೇ ಆಯಿತು. ಕಾರ್ಖಾನೆಯ ನೋಟೀಸಿನಲ್ಲಿ ದಿನ, ಪಂಪು, ನಾಲ್ಕು ಹೆಸರು ಎಲ್ಲವೂ ಇವೆ.

ಇಷ್ಟು ಗೊತ್ತಿದ್ದವನು ಅನ್ವರ್ ಒಬ್ಬನೇ, ಅವನೇ ಚಾಡಿ ಹೇಳಿದ್ದಾನೆ, ಅವನ ಪೆಟ್ಟಿಗೆಯನ್ನು ಕೋಣೆಯಿಂದ ಹೊರಗಿಟ್ಟೆ, ಭಾನುವಾರ ಸಂಘದ ಸಭೆಯಲ್ಲಿ ಎದ್ದು ನಿಂತು ಅವನನ್ನು ಸಂಘದಿಂದಲೂ ತೆಗೆಸುತ್ತೇನೆ ಎಂದು ಬರೆದಿದ್ದೀಯೆ. ದುಡುಕಬೇಡ ಕಣೋ. ಆರು ವರ್ಷ ಒಂದೇ ಒಲೆಯಲ್ಲಿ ಅಡಿಗೆ ಮಾಡಿಕೊಂಡವರು ನೀವು. ಸೋಮವಾರದ ವಿಚಾರಣೆಗೆ ನಾನೂ ಪಿಳ್ಳಣ್ಣನೂ ಬರುತ್ತೇವೆ. ಕೂಲಿಗೆ ಮಾಡಿದ್ದಲ್ಲ, ಊರಿನ ವಾಡಿಕೆ ಎಂದು ಹೇಳುತ್ತೇವೆ. ಸಾಹೇಬರು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಹೋದ ಕೆಲಸ ನಿನಗೆ ಮರಳಿ ಸಿಗಲಿ, ದೇವರು ನಿನ್ನನ್ನು ಕಾಯಲಿ.

ನಿನ್ನ ಅಣ್ಣ,
ಚನ್ನಕೇಶವ

ತಾ.ಕ.: ಇಷ್ಟುದ್ದ ಬರೆದೂ ಹೇಳಬೇಕಾದ್ದನ್ನು ಹೇಳಿಲ್ಲ. ಜೊತೆಗೆ ಒಂದು ವಾರಪತ್ರಿಕೆಯ ತುಂಡು ಇಟ್ಟಿದ್ದೇನೆ. ನಮ್ಮೂರಲ್ಲೂ ರೈತರು, ಕಾರ್ಮಿಕರು ಒಂದಾದರು ಎಂದು 'ಗ್ರಾಮವಾಸಿ' ಎಂಬವನು ಬರೆದಿದ್ದಾನೆ. ಅದು ನಾನೇ. ದಿನ, ಪಂಪು, ನಿಮ್ಮ ಹೆಸರುಗಳು, ಎಲ್ಲವನ್ನೂ ಹೆಮ್ಮೆಯಿಂದ ಬರೆದೆ. ನೋಟೀಸಿನಲ್ಲಿ ಆ ಹೆಸರುಗಳು ನಾನು ಬರೆದ ಕ್ರಮದಲ್ಲೇ ಇವೆ. ಭಾನುವಾರ ಇದನ್ನು ಸಭೆಯಲ್ಲಿ ಗಟ್ಟಿಯಾಗಿ ಓದು, ನನ್ನ ಹೆಸರು ಹೇಳಿಯೇ ಓದು. ನಿನ್ನೆ ಅನ್ವರ್ ಸೈಕಲ್ ತುಳಿದುಕೊಂಡು ಇಲ್ಲಿಗೆ ಬಂದಿದ್ದ. ನಿನ್ನ ಕಾಗದ ಓದಿಸಿ ಕೇಳಿದ್ದ ಅಮ್ಮ ಅವನಿಗೆ ನೀರು ಕೂಡ ಕೊಡಲಿಲ್ಲ. "ನಾನಲ್ಲ ಅಂತ ನೀವೊಂದ್ ಮಾತು ಬರೀರಿ ಮೇಷ್ಟ್ರೇ. ನೀವು ಬರೆದ್ರೆ ಲಕ್ಕಣ್ಣ ನಂಬ್ತಾನೆ," ಎಂದ. ಬರೆಯುತ್ತೇನೆ ಎಂದಷ್ಟೇ ಹೇಳಿದೆ, ಪತ್ರಿಕೆಯ ಸಂಗತಿ ಹೇಳಲಿಲ್ಲ. ಅವನು ನನಗೆ ಕೈಮುಗಿದು ಹೋದ.