ಅಪ್ಪನಿಗೆ ಹೊಂದಿದ ಬಾಯಿ

ಅಮ್ಮಾ,

ಲಿಸ್ಬನ್ನಿನ ಚಳಿ ಇನ್ನೂ ಮೈಗೆ ಒಗ್ಗಿಲ್ಲ, ಆದರೆ ಕೆಮ್ಮು ಬಿಟ್ಟಿದೆ. ನಮ್ಮ ಕೇಪ್ ವರ್ಡ್‌ನವರೇ ತುಂಬಿರುವ ಈ ಬಡಾವಣೆಯ ಸಂಘದಲ್ಲಿ ನನ್ನ ಕೊಲಾಜ್ ಚಿತ್ರಗಳನ್ನು ತೂಗುಹಾಕಿದ್ದಾರೆ. ನಾನು ನಿನ್ನ ಹೊಟ್ಟೆಯಲ್ಲಿದ್ದಾಗಲೇ ಹಡಗು ಹತ್ತಿ ತಿರುಗಿ ಬಾರದ ಅಪ್ಪನೂ ಆ ಚಿತ್ರಗಳಲ್ಲಿದ್ದಾರೆ. ಅವರ ಫೋಟೋ ಒಂದೂ ಇಲ್ಲವಲ್ಲ. ಹಳೆಯ ಪತ್ರಿಕೆಗಳಿಂದ ಅಂಗೋಲದವನೊಬ್ಬನ ಕಣ್ಣು, ಬ್ರೆಜಿಲಿನವನ ಮೂಗು, ಹಾರ್ಲೆಮ್ಮಿನ ಹಾಡುಗಾರನ ಬಾಯಿ ಕತ್ತರಿಸಿ ಅಂಟಿಸಿದೆ. ಗಲ್ಲ ಮಾತ್ರ ನನ್ನದು; ಅದು ಅವರದೇ ಅಚ್ಚು ಎಂದು ನೀನೇ ಹೇಳುತ್ತಿದ್ದೆ.

ನಿನ್ನೆ ಲೆಲಾ ಎಂಬ ಅಜ್ಜ ಅದರ ಮುಂದೆ ನಿಂತುಬಿಟ್ಟರು.

"ಇವ್ನು ನಮ್ಮ ಮಿಂಡೆಲೋದ ಅರ್ಮಿಂದು ಅಲ್ವೇನಮ್ಮಾ? ಗಲ್ಲ ಅವ್ನದೇ. ಬಂದರಲ್ಲಿ ಒಟ್ಟಿಗೆ ಮೂಟೆ ಹೊತ್ತೋರು ನಾವು. ಆದ್ರೆ ಈ ಬಾಯಿ ಯಾರದು ತಾಯಿ? ಅವ್ನಿಗೆ ಮುಂದಿನ ಹಲ್ಲು ಮುರಿದಿತ್ತು. ಬಾಯಿ ಮುಚ್ಕೊಂಡೇ ನಗ್ತಿದ್ದ!"

ನಾನು ಚಿತ್ರವನ್ನು ಕೆಳಗಿಳಿಸಿ, ಪತ್ರಿಕೆಯ ಚೂರುಗಳನ್ನು ತಂದು, ಒಂದೊಂದೇ ಬಾಯಿ ಇಟ್ಟು ತೋರಿಸಿದೆ.

"ಇದಲ್ಲ. ಇದೂ ಅಲ್ಲ. ಅಯ್ಯೋ, ಇದು ಪಾದ್ರಿ ಬಾಯಿ!" ಎನ್ನುತ್ತಿದ್ದವರು ಒಂದು ಮುಚ್ಚಿದ ಬಾಯಿ ಇಟ್ಟಾಗ ಚಿತ್ರದ ಹತ್ತಿರಕ್ಕೆ ಬಂದರು. ಟೋಪಿ ತೆಗೆದು, "ಬಂದ್ಯೇನೋ, ಅರ್ಮಿಂದು?" ಎಂದರು.

ಅವರು ಹೋದ ಮೇಲೆ ನಾನು ಮೊದಲ ಸಲ ಬಾಯಿಬಿಟ್ಟು "ಅಪ್ಪಾ" ಎಂದು ಕರೆದೆ.

ತಿಂಗಳ ಕೊನೆಗೆ ಚಿತ್ರಗಳನ್ನು ಇಳಿಸುತ್ತಾರೆ. ಅಷ್ಟರೊಳಗೆ ನೀನು ಬಂದು ಅಪ್ಪನ ಪಕ್ಕ ನಿಲ್ಲಬೇಕು, ಟಿಕೆಟ್ ಕಳಿಸುತ್ತೇನೆ. ತಲೆ ನರೆತಿದೆ ಎಂದು ಹಿಂಜರಿಯಬೇಡ ಅಮ್ಮಾ. ನಿನ್ನೆಯೇ ಅವರಿಗೂ ಒಂದಿಷ್ಟು ನರೆ ಅಂಟಿಸಿದ್ದೇನೆ.

ಅವಸರದಲ್ಲಿ,
ನಿನ್ನ ಎಡ್ಮೀರಾ