ನೆರೆಯವರು ಅಂದರೆ ಪಕ್ಕದ ಮನೆಯವರಲ್ಲ

ಅತ್ತೆಯವರಿಗೆ,

‘ಪೂಜ್ಯ’ ಅಂತ ಮೊದಲು ಬರೆದು ಆಮೇಲೆ ಹೊಡೆದುಹಾಕಿದೆ. ನೀವು ಎಲ್ಲಿದ್ದರೂ ಕನ್ನಡಕ ಹಾಕಿಕೊಂಡು ಮೊದಲು ಕಾಗುಣಿತ ನೋಡುತ್ತೀರಿ, ವಿಷಯ ಆಮೇಲೆ. ಹಾಗಾಗಿ ತಪ್ಪಿಲ್ಲದೆ ಬರೆಯುತ್ತೇನೆ. ನೀವು ತೀರಿಕೊಂಡು ವರ್ಷವಾಯಿತೆಂದು ಸಭೆಯ ಸ್ತ್ರೀಸಂಘದವರು ದೇವಾಲಯದ ಪಕ್ಕದ ಕೋಣೆಯಲ್ಲಿ ನಿಮ್ಮ ಫೋಟೋ ಹಾಕಿದ್ದಾರೆ. ಅದರ ಕೆಳಗೆ ಹಾಕಲು ಸೊಸೆಯೇ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕಂತೆ. ಬರೆದುಕೊಟ್ಟೆ, ಅವರಿಗೆ ಬೇಕಾದಂಥದ್ದನ್ನು. ಇದು ನಿಮಗೆ ಮಾತ್ರ.

ಮದುವೆಯಾಗಿ ಹೊಸಕೋಟೆಯಿಂದ ದೊಡ್ಡಬಳ್ಳಾಪುರಕ್ಕೆ ಬಂದ ಮೊದಲ ಗುರುವಾರ ನನಗೆ ಚೆನ್ನಾಗಿ ನೆನಪಿದೆ. ನಡುಮನೆಯ ತುಂಬ ಸಭೆಯ ಹೆಂಗಸರು, ಮಡಿಲಲ್ಲಿ ಉಲ್ಲನ್ ಉಂಡೆ, ಕೈಯಲ್ಲಿ ಕಡ್ಡಿ. ಪರದೇಶದ ಮಿಷನ್ನಿನವರು ಕಳಿಸಿದ ಉಲ್ಲನ್ನಿನಲ್ಲಿ ನೀವು ಮಕ್ಕಳ ಟೋಪಿ, ಕಾಲುಚೀಲ ಹೆಣೆಸುತ್ತಿದ್ದಿರಿ. ದೊಡ್ಡಬಳ್ಳಾಪುರದಲ್ಲಿ ಉಲ್ಲನ್ ಕಾಲುಚೀಲ! ಯಾರ ಕಾಲಿಗೆ ಅತ್ತೆ? ನಮ್ಮ ಬೀದಿಯಲ್ಲಿ ಚಪ್ಪಲಿ ಇದ್ದವರೇ ಕಡಿಮೆ. ಹೆಣೆದದ್ದರಲ್ಲಿ ಅರ್ಧ ಉಲ್ಲನ್ ಬಂದ ದೇಶಕ್ಕೇ ಕಾಣಿಕೆಯಾಗಿ ವಾಪಸ್ಸು ಹೋಗುತ್ತಿತ್ತು. ಅಲ್ಲಿಂದ ಬಂದ ವಂದನೆಯ ಪತ್ರವನ್ನು ನೀವು ಆರಾಧನೆ ಮುಗಿದ ಮೇಲೆ ಎದ್ದು ನಿಂತು ಓದುತ್ತಿದ್ದಿರಿ, ತಿಳಿಯದವರಿಗೂ ಇಂಗ್ಲಿಷಿನಲ್ಲೇ. ಉಳಿದರ್ಧ ನಿಮ್ಮ ಗಾಜಿನ ಬೀರುವಿಗೆ. ಹೆಂಗಸರು ನಿಮ್ಮನ್ನು ಪ್ರೆಸಿಡೆಂಟಮ್ಮ ಅನ್ನುತ್ತಿದ್ದರು. ನೀವು ಆ ಕಡೆ ತಿರುಗಿದರೆ ಇನ್ನೇನೋ ಅನ್ನುತ್ತಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ.

ಕೆಲಸ ಮುಗಿದ ಮೇಲೆ ನಿಮ್ಮ ಪ್ರಾರ್ಥನೆ. ಆಗ ಆ ಬೀದಿಗೆ ಪವರ್‌ಲೂಮ್ ಇನ್ನೂ ಬಂದಿರಲಿಲ್ಲ. ಗೋಡೆಯಾಚೆ ಗೌರಮ್ಮನ ಗಂಡ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದ, ಆ ಸದ್ದನ್ನು ಮೀರಿಸಲು ನೀವು ಗಂಟಲೆತ್ತುತ್ತಿದ್ದಿರಿ. “ಕರ್ತನೇ, ಈ ಕೈಕೆಲಸವೆಲ್ಲ ನಮ್ಮ ನೆರೆಯವರಿಗಾಗಿ!” ನಮ್ಮ ಸಭೆಯವರ ಬಾಯಲ್ಲಿ ನೆರೆಯವರು ಅಂದರೆ ಲೋಕದ ಜನರೆಲ್ಲ. ಆದರೆ ಬಸುರಿ ಹೆಂಗಸೊಬ್ಬಳು ಗೋಡೆಯಾಚೆ ನೂಲು ಸುತ್ತುತ್ತಾ ಕೂತು ವಾರವಾರವೂ ಅದನ್ನೇ ಕೇಳಿಸಿಕೊಂಡರೆ ಏನೆಂದು ತಿಳಿಯಬೇಕು? ಪಕ್ಕದ ಮನೆಯವರು ತನ್ನ ಮಗುವಿಗಾಗಿ ಹೆಣೆಯುತ್ತಿದ್ದಾರೆ ಅಂತ ಗೌರಮ್ಮ ತಿಳಿದಳು. ಅದಕ್ಕೇ ಗಂಡನಿಗೆ ಹೇಳಿ ನಿಮ್ಮ ಪ್ರಾರ್ಥನೆಯ ಹೊತ್ತಿಗೆ ಮಗ್ಗ ನಿಲ್ಲಿಸತೊಡಗಿದಳು. ನೀವು ಅದನ್ನೂ ನಿಮ್ಮ ಗಂಟಲಿನ ಮಹಿಮೆ ಅಂದುಕೊಂಡಿರಿ.

ನಾನು ಬಂದ ವರ್ಷದ ಡಿಸೆಂಬರಿನ ಚಳಿಯಲ್ಲಿ ಅವಳಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಮಾರನೆಯ ದಿನ ಗುರುವಾರ, ಸಂಘ ಸೇರಿತ್ತು. ಭಾನುವಾರ ಆರಾಧನೆಗೆ ಬರಲಿದ್ದ ಬಿಷಪ್ ಅಯ್ಯನವರಿಗೆ ತೋರಿಸಲು ಟೋಪಿ, ಕುಲಾವಿ, ಶಾಲುಗಳನ್ನು ಬಣ್ಣ ನೋಡಿ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದಿರಿ. ಗೌರಮ್ಮನ ತಾಯಿ ತಟ್ಟೆಯಲ್ಲಿ ಸಕ್ಕರೆ ಹಿಡಿದು ಬಂದರು. ಪುರುಡಿನ ಮನೆಯಿಂದ ಬಂದವಳು ಅಂತ ಹೊಸ್ತಿಲಾಚೆಯೇ ನಿಂತರು.

“ಗಂಡ್ಮಗ ಅಮ್ಮಾವ್ರೇ. ತೀರಾ ಸಣ್ಕಿದ್ದಾನೆ, ಮೈಯೆಲ್ಲ ತಣ್ಗಾಯ್ತದೆ. ನೀವು ವಾರ್ವಾರ ನೆರೆಯೋರ್ಗೆ ಅಂತ ಬೇಡ್ಕೊಂಡು ಮಾಡ್ತಿದ್ರಲ್ಲ, ಅದ್ನ ಕೊಟ್ಬಿಡಿ. ಹೊದುಸ್ತೀವಿ.”

ನಡುಮನೆಯಲ್ಲಿ ಯಾರೋ ಕಿಸಕ್ಕೆಂದರು. ನೀವೂ ನಕ್ಕಿರಿ.

“ನೆರೆಯೋರು ಅಂದ್ರೆ ಪಕ್ಕದ್ಮನೆಯೋರಲ್ಲಮ್ಮ. ಅದು ಸತ್ಯವೇದದ ಮಾತು, ನಿಮ್ಗೆ ತಿಳಿಯಲ್ಲ.”

“ಅಂಗಾದ್ರೆ ಯಾರವ್ವಾ ನೆರೆಯೋರು?”

ಆ ಮುದುಕಿ ಜಗಳಕ್ಕೆ ಕೇಳಿದ್ದಲ್ಲ, ತಿಳಿಯಲಿಕ್ಕೇ ಕೇಳಿದ್ದು. ನೀವು ಮತ್ತೆ ಟೋಪಿಗಳ ಸಾಲು ಸರಿಮಾಡತೊಡಗಿದಿರಿ. “ಒಂದು ಶಾಲಾದ್ರೂ ಕೊಡಿ ಅತ್ತೆ” ಅಂದೆ ನಾನು, ಎಲ್ಲರ ಮುಂದೆ. ನೀವು ನನ್ನ ಮುಖ ನೋಡದೆ, “ಸಾಲು ಕೆಡುತ್ತೆ. ನೀನು ಒಳಗೆ ಹೋಗು” ಅಂದಿರಿ.

ಸಾಲು ಕೆಡುತ್ತೆ! ಇಷ್ಟು ವರ್ಷ ನಿಮ್ಮ ಬಾಯಿಂದ ಎಷ್ಟೋ ಮಾತು ಕೇಳಿದ್ದೇನೆ, ಇಷ್ಟು ಸಣ್ಣ ಮಾತು ಇನ್ನೊಂದಿಲ್ಲ. ಒಳಗೆ ಹೋಗಿ ತವರಿನಿಂದ ತಂದ ಕಂಬಳಿ ತೆಗೆದುಕೊಂಡು ಹಿತ್ತಲ ಬಾಗಿಲಿಂದ ಅವರ ಮನೆಗೆ ಹೋದೆ. ಆ ಮಗು ಕಂಬಳಿಯೊಳಗೆ ಕಾಣಿಸುತ್ತಲೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ಹೋಗಿಬಿಟ್ಟಿತು. ನಿಮ್ಮ ಟೋಪಿ ಹಾಕಿದ್ದರೆ ಬದುಕುತ್ತಿತ್ತು ಅಂತ ನಾನು ಹೇಳುವುದಿಲ್ಲ, ಅಷ್ಟು ಸುಳ್ಳು ನನಗೆ ಬರುವುದಿಲ್ಲ. ಆದರೆ ಆಚೆ ಮನೆಯಲ್ಲಿ ಗೋಳೋ ಅನ್ನುತ್ತಿರುವಾಗ ನೀವು ಈಚೆ ಕೂತು ಜರಿಸೀರೆಗೆ ಪಿನ್ನು ಹಾಕಿಕೊಂಡಿರಿ. ಆಮೇಲೆ ಆ ಮೇಜಿನ ಪಕ್ಕ ನಿಂತು, ಕತ್ತು ಸ್ವಲ್ಪ ವಾಲಿಸಿಕೊಂಡು... ಈಗ ಗೋಡೆಗೆ ಹಾಕಿರುವುದು ಅದೇ ಫೋಟೋ. ನಿಮ್ಮ ಮೇಲೆ ನನಗೆ ದ್ವೇಷವಿತ್ತು ಅಂತ ಜನ ಅನ್ನುತ್ತಾರೆ. ದ್ವೇಷಕ್ಕೂ ಒಂದು ತೂಕದ ಮನುಷ್ಯರು ಬೇಕು ಅತ್ತೆ. ನನಗೆ ಬರೀ ಅಸಹ್ಯವಾಯಿತು, ಈಗಲೂ ಅದೇ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಈ ಏಪ್ರಿಲ್‌ನಲ್ಲಿ ನನಗೆ ಹೆಣ್ಣುಮಗು ಹುಟ್ಟಿತು. ಸಂಘದವರು ಬಂದರು, ಪ್ರಾರ್ಥಿಸಿದರು, ಆ ಸುಡುಬಿಸಿಲಿನಲ್ಲಿ ನಿಮ್ಮ ಬೀರುವಿನಿಂದ ಉಲ್ಲನ್ ಟೋಪಿ ತೆಗೆದು ಮಗುವಿಗೆ ಹಾಕಿ, “ಪ್ರೆಸಿಡೆಂಟಮ್ಮನ ಆಶೀರ್ವಾದ” ಅಂದು ಕಾಫಿ ಕುಡಿದು ಹೋದರು. ಮಗುವಿನ ತಲೆಯೆಲ್ಲ ಬೆವರುಗುಳ್ಳೆ. ನನಗೆ ಜ್ವರ ಹಿಡಿದು ಎದೆಹಾಲು ಬತ್ತಿತು. ಹಸುವಿನ ಹಾಲು ಒಗ್ಗಲಿಲ್ಲ, ಕುಡಿದದ್ದೆಲ್ಲ ಕಕ್ಕಿತು. ನಿಮ್ಮ ಮಗ ತಲೆಯ ಮೇಲೆ ಕೈಹೊತ್ತು ಕೂತರು. ಮಗುವಿನ ಅಳು ದಿನದಿನಕ್ಕೂ ಸಣ್ಣದಾಗುತ್ತಾ ಬಂತು, ಆಮೇಲೆ ಬೆಕ್ಕಿನ ಮರಿಯಂತೆ ಬರೀ ಕುಂಯ್ ಅನ್ನತೊಡಗಿತು.

ಅದು ಗೋಡೆಯಾಚೆಗೂ ಕೇಳಿಸಿತಂತೆ. ಗೌರಮ್ಮ ಇನ್ನೂ ಎದೆಹಾಲು ಕುಡಿಯುವ ತನ್ನ ಎರಡನೆಯ ಮಗುವನ್ನು ಸೊಂಟದಲ್ಲಿ ಹೊತ್ತುಕೊಂಡೇ ಬಂದಳು. ಹೊಸ್ತಿಲಲ್ಲಿ ನಿಲ್ಲಲಿಲ್ಲ, ನೇರ ನನ್ನ ಕೋಣೆಗೇ ಬಂದಳು. “ನಿಮ್ಮತ್ತೇನ ನೆನುಸ್ಕೊಂಡ್ರೆ ಈಗ್ಲೂ ಮೈ ಉರೀತದೆ” ಅಂದಳು. “ಮಗೀನ್ ಕೊಡು ಇಲ್ಲಿ.”

ಈಗ ಎರಡು ತಿಂಗಳಿಂದ ದಿನವೂ ಬರುತ್ತಾಳೆ. ನಿಮ್ಮ ಮೊಮ್ಮಗಳು ಕೈಕಾಲು ತುಂಬಿಕೊಂಡು ಗುಂಡಗಿದ್ದಾಳೆ. ಬಣ್ಣ ನನ್ನದು, ಮೂಗು ಮಾತ್ರ ನಿಮ್ಮದು. ಗೌರಮ್ಮ ಹಾಲು ಕೊಡುತ್ತಾ ಆ ಮುಖವನ್ನೇ ನೋಡುತ್ತಾಳೆ. “ಥೂ, ಅದೇ ಮೂಗು ಕಣಮ್ಮಿ” ಅಂತ ಬೈದುಕೊಂಡು, ಮಗುವನ್ನು ಇನ್ನೊಂದು ಎದೆಗೆ ಹಾಕಿಕೊಳ್ಳುತ್ತಾಳೆ.